ಮುದುಕಮ್ಮನವರ ಕೆಳಗಿನ ಮನೆ

ನವೆಂಬರ್ 3, ಭಾನುವಾರ

ಹೊಸಪೇಟೆಯಲ್ಲಿ ಬಾಡಿಗೆ ಮನೆ ಹುಡುಕುವುದೆಂದು ಇವತ್ತು ತೀರ್ಮಾನವಾಯಿತು.

ಡಾಕ್ಟರು ಹೇಳಿ ಹತ್ತು ದಿನವಾಗಿತ್ತು. ಅಪ್ಪನ ಎದೆಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. ಎರಡೂ ಕಡೆ ಬಿಳಿ ಚುಕ್ಕೆಗಳು, ಯಾರೋ ಒಂದು ಹಿಡಿ ನುಚ್ಚು ಎರಚಿದ ಹಾಗೆ. "ಇದು ಅಂಟುವ ರೋಗ ಅಲ್ಲ. ವಾಸಿಯಾಗುವ ರೋಗವೂ ಅಲ್ಲ. ವರ್ಷಗಟ್ಟಲೆ ಉಸಿರಿನ ಜೊತೆ ಒಳಗೆ ಹೋದ ಧೂಳು. ಇನ್ನು ಮೇಲಾದರೂ ಹೋಗದ ಹಾಗೆ ನೋಡಿಕೊಳ್ಳಿ," ಅಂದರು.

ಯಶವಂತನಗರದ ನಮ್ಮ ಮನೆ ಅದಿರಿನ ಲಾರಿಗಳು ಓಡಾಡುವ ರಸ್ತೆಗೇ ಮುಖ ಮಾಡಿದೆ. ಬಿಳಿ ಬಟ್ಟೆ ಒಗೆದು ಹಾಕಿದರೆ ಒಣಗುವಷ್ಟರಲ್ಲಿ ಕೆಂಪಾಗಿರುತ್ತದೆ. ಇಪ್ಪತ್ತಾರು ವರ್ಷ ಗಣಿಯಲ್ಲಿ ದುಡಿದ ಅಪ್ಪನಿಗೆ ಮೊದಲು ಸುತ್ತಿಗೆಯಿಂದ ಅದಿರು ಒಡೆಯುವ ಕೆಲಸ, ಆಮೇಲೆ ಕ್ರಷರ್ ಹತ್ತಿರ. ಈಗ ಬಾಗಿಲಿನಿಂದ ನಲ್ಲಿಯವರೆಗೆ ಹೋಗಿ ಬಂದರೆ ಗೋಡೆ ಹಿಡಿದು ನಿಲ್ಲುತ್ತಾನೆ. ಅವ್ವ ಹೋಗಿ ಒಂಬತ್ತು ವರ್ಷವಾಯಿತು. ನಾನು ಬೆಳಗ್ಗೆ ಆರರ ಬಸ್ಸಿಗೆ ಹೊಸಪೇಟೆಯ ಶಾಲೆಗೆ ಕನ್ನಡ ಪಾಠ ಮಾಡಲು ಹೊರಟರೆ ಬರುವುದು ಸಂಜೆ ಏಳು ಗಂಟೆಗೆ. ಅಲ್ಲಿಯವರೆಗೆ ಅಪ್ಪನನ್ನು ನೋಡಿಕೊಳ್ಳುವವರು ಪಕ್ಕದ ಮನೆಯ ರಾಮಾಂಜಿನಿ ಮಾಮ ಮತ್ತು ತಾಯಕ್ಕ. ಮಾಮ ಅಪ್ಪನ ಜೊತೆಗೇ ಕ್ರಷರಿನಲ್ಲಿ ಇದ್ದವನು.

"ಹೊಸಪೇಟ್ಯಾಗೂ ಧೂಳ ಐತಿ, ಬಣ್ಣ ಬ್ಯಾರೆ, ಅಷ್ಟ," ಅಂದ ಅಪ್ಪ. ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, "ಆತವ್ವ ದೇವಿ, ನೀ ಎಲ್ಲಿ ಅಂತಿ ಅಲ್ಲಿ," ಅಂದ.

ಬೆನ್ನು ನೀವುತ್ತಾ ಕುಳಿತಿದ್ದೆ. ಶರ್ಟಿನೊಳಗೆ ಬೆನ್ನುಮೂಳೆ ಮಣಿಸರದ ಹಾಗೆ ಒಂದೊಂದೇ ಕೈಗೆ ಸಿಗುತ್ತಿತ್ತು. ಅಪ್ಪನಿಗೆ ಒಂದು ಒಳ್ಳೆಯ ಮನೆ ಮಾಡಿಕೊಡುತ್ತೇನೆ.

ನವೆಂಬರ್ 10, ಭಾನುವಾರ

ಶಾಲೆಯ ಹತ್ತಿರ ಆಟೋ ನಿಲ್ಲಿಸುವ ಹೊನ್ನೂರುಸ್ವಾಮಿಗೆ ಊರಿನ ಯಾವ ಓಣಿಯಲ್ಲಿ ಯಾರ ಮನೆ ಖಾಲಿಯಾಗಿದೆ ಎಂದು ಗೊತ್ತಿರುತ್ತದೆ. ಅವನ ಆಟೋದಲ್ಲೇ ಇಡೀ ದಿನ ತಿರುಗಿದೆ.

ಮೊದಲು ಪಟೇಲ್ ನಗರ. ಕೆಳಗಿನ ಮನೆ, ಎರಡು ಕೋಣೆ, ಮುಂದೆ ಒಂದು ನುಗ್ಗೆ ಗಿಡ. ಮಾಲೀಕರ ಹೆಸರು ಚನ್ನಯ್ಯ, ನಿವೃತ್ತ ಮೇಷ್ಟ್ರು. ನಾನೂ ಟೀಚರ್ ಎಂದಾಗ ಕುರ್ಚಿ ಹಾಕಿಸಿ ಚಹಾ ಕೊಡಿಸಿದರು. ಯಾರ್ಯಾರು ಇರುತ್ತೀರಿ ಎಂದು ಕೇಳಿದಾಗ ಅಪ್ಪನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಟಿ.ಬಿ. ಅಲ್ಲೇನ್ರಿ?"

"ಅಲ್ರಿ ಸರ್. ಗಣಿ ಧೂಳು. ಯಾರಿಗೂ ಅಂಟೂದಲ್ಲ. ಡಾಕ್ಟರ ಚೀಟಿ ತಂದೀನಿ."

ಚೀಟಿಯನ್ನು ಅವರು ಕೈಯಲ್ಲಿ ಮುಟ್ಟಲಿಲ್ಲ. "ಮೊಮ್ಮಕ್ಕಳು ಬಂದು ಹೋಗ್ತಿರ್ತಾರಮ್ಮ. ತಪ್ಪು ತಿಳೀಬ್ಯಾಡ್ರಿ," ಅಂದರು. ಚಹಾ ಇನ್ನೂ ಅರ್ಧ ಉಳಿದಿತ್ತು.

ಅಮರಾವತಿಯಲ್ಲಿ ಸಿದ್ದಲಿಂಗೇಶ್ ಎಂಬ ಅಂಗಡಿ ಮಾಲೀಕರು ರೋಗದ ವಿಷಯದವರೆಗೆ ಬರಲೇ ಇಲ್ಲ. ಊರು ಯಾವುದು ಅಂದರು, ಯಶವಂತನಗರ ಅಂದೆ. ಮೂಲ ಅಂದರು, ಚೋರನೂರು ಅಂದೆ. "ಚೋರನೂರಾಗ ಯಾವ ಓಣಿ?" ಅಂದರು. ಅದನ್ನೂ ಹೇಳಿದೆ. ಮನೆಯನ್ನು ಅಳಿಯನಿಗೆ ಕೊಡುವುದೆಂದು ನಿನ್ನೆಯೇ ಮಾತಾಗಿದೆ, ಮರೆತಿದ್ದೆ ಅಂದರು.

ಮೂರನೆಯದು ಕಮಲಾಪುರದ ರಸ್ತೆಯಲ್ಲಿ. ಆ ಹೆಂಗಸು ಬಾಗಿಲಲ್ಲೇ ನಕ್ಕಳು. ಹಂಪಿ ನೋಡಲು ಬಂದವರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಿದ್ದಾಳಂತೆ. ತಿಂಗಳ ಬಾಡಿಗೆಗೆ ಯಾರು ಕೊಡುತ್ತಾರೆ ಎಂದಳು.

ವಾಪಸ್ ಬರುವಾಗ ಹೊನ್ನೂರುಸ್ವಾಮಿ, "ಜಿಲ್ಲಾ ಆದಾಗಿಂದ ಹಿಂಗ ಆಗೇತ್ರಿ ಟೀಚರ. ಆಫೀಸಿನ ಮಂದಿ ಬಂದ್ರು, ಮನಿ ಓನರ್ ಎಲ್ಲ ದ್ಯಾವ್ರಾಗ್ಯಾರ," ಅಂದ.

ಓಣಿಯ ಹೆಸರು ಯಾಕೆ ಹೇಳಿದೆನೋ. ಸಿಟ್ಟು ಇನ್ನೂ ಇಳಿದಿಲ್ಲ. ನಾಳೆ ಹತ್ತನೇ ತರಗತಿಗೆ ವಚನದ ಪಾಠ ಇದೆ.

ನವೆಂಬರ್ 18, ಸೋಮವಾರ

ನಿನ್ನೆ ನಾಲ್ಕು ಮನೆ. ನಾಲ್ಕೂ ಇಲ್ಲ.

ಸ್ಟಾಫ್ ರೂಮಿನಲ್ಲಿ ಲಲಿತಾ ಮೇಡಂ ಎಲ್ಲ ಕೇಳಿಸಿಕೊಂಡರು. ಗಣಿತ ಕಲಿಸುವವರು, ನನಗಿಂತ ಹತ್ತು ವರ್ಷ ದೊಡ್ಡವರು. "ನೀ ಯಾಕ ಎಲ್ಲಾ ಬಾಯಿ ಬಿಟ್ಟು ಹೇಳ್ತಿ? ಕೇಳಿದ್ದಕ್ಕಷ್ಟ ಉತ್ತರಾ ಕೊಡು. ಅಪ್ಪಗ ಸ್ವಲ್ಪ ದಮ್ಮು ಅನ್ನು. ದಮ್ಮು ಯಾರಿಗಿಲ್ಲ? ಮಾಂಸ ತಿನ್ನಂಗಿಲ್ಲ ಅನ್ನು, ಮುಂದಿಂದು ಅವರು ಕೇಳೂದಿಲ್ಲ."

ಸುಳ್ಳು ಹೇಳಿ ಎಷ್ಟು ದಿನ ಇರುವುದು ಎಂದೆ.

"ಖರೇ ಹೇಳಿ ಎಲ್ಲಿರ್ತಿ?"

ನವೆಂಬರ್ 24, ಭಾನುವಾರ

ಚಿತ್ತವಾಡ್ಗಿಯಲ್ಲಿ ಒಂದು ಮನೆ ಹೆಚ್ಚುಕಡಿಮೆ ಒಪ್ಪಿತ್ತು. ದಮ್ಮು ಅಂದೆ. ಮಾಂಸ ಇಲ್ಲ ಅಂದೆ. ಎರಡೂ ಸಲೀಸಾಗಿ ಬಂದವು, ನನಗೇ ಆಶ್ಚರ್ಯ. ಕೊನೆಗೆ ಮನೆಯವರು "ಗಂಡಸರು ಯಾರು ಅದಾರ?" ಎಂದು ಕೇಳಿದರು. ಅಪ್ಪ ಎಂದೆ. "ದುಡಿಯೋ ಗಂಡಸರು," ಅಂದರು.

ಅಪ್ಪ ರಾತ್ರಿಯೆಲ್ಲ ಕುಳಿತೇ ಇದ್ದಾನೆ. ಮಲಗಿದರೆ ಉಸಿರು ಸಿಗುವುದಿಲ್ಲ.

ಡಿಸೆಂಬರ್ 1, ಭಾನುವಾರ

ಮನೆ ಸಿಕ್ಕಿತು.

ಬಸವೇಶ್ವರ ಬಡಾವಣೆಯ ಹಿಂಭಾಗದ ಒಂದು ಓಣಿಯಲ್ಲಿ. ಕೆಳಗೆ ನಾವು, ಮೇಲೆ ಮನೆಯೊಡತಿ ಮುದುಕಮ್ಮನವರು ಒಬ್ಬರೇ. ಎಪ್ಪತ್ತು ದಾಟಿದೆ. ಹಣೆ ತುಂಬ ವಿಭೂತಿ, ಗಟ್ಟಿ ದನಿ. ಮಗ ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಾನಂತೆ. ಕೆಳಗಿನ ಮನೆಯ ಬಾಡಿಗೆಯಲ್ಲೇ ತಮ್ಮ ಜೀವನ ಎಂದು ಮೊದಲೇ ಹೇಳಿದರು. ಆಮೇಲೆ, "ಯಾರ್ಯಾರು ಇರಾವ್ರು ಎಲ್ಲಾರ್ನೂ ಕರ್ಕೊಂಡು ಬಾ, ಕಣ್ಣಿಲೆ ನೋಡಬೇಕು," ಎಂದರು. ಹಾಗಾಗಿ ಅಪ್ಪನನ್ನು ಯಶವಂತನಗರದಿಂದ ಕರೆತಂದು, ಬಸ್ ಸ್ಟ್ಯಾಂಡಿನಿಂದ ಹೊನ್ನೂರುಸ್ವಾಮಿಯ ಆಟೋದಲ್ಲಿ ಒಯ್ದೆ.

ಓಣಿಯ ತಿರುವಿನಲ್ಲಿ ಆಟೋ ನಿಲ್ಲಿಸಿ ಅಪ್ಪನಿಗೆ ಹೇಳಿದೆ: "ಐದು ನಿಮಿಷ ಅಪ್ಪಾ. ಕೆಮ್ಮಬ್ಯಾಡ."

ಅಪ್ಪ ತಲೆಯಾಡಿಸಿದ. ಮುದುಕಮ್ಮನವರ ಎದುರು ಕಟ್ಟೆಯ ಮೇಲೆ ಕುಳಿತು, ಟವೆಲ್ಲಿನ ತುದಿಯನ್ನು ಬಾಯಿಗೆ ಒತ್ತಿ, ಕಣ್ಣು ಕೆಳಗೆ ಮಾಡಿದ. ಕುತ್ತಿಗೆಯ ನರ ಉಬ್ಬಿಕೊಂಡಿದ್ದು ನನಗೆ ಕಾಣುತ್ತಿತ್ತು. ಅವರು ನೀರು, ಗೇಟು, ಕಸದ ಗಾಡಿಯ ವಿಷಯ ಹೇಳುತ್ತಲೇ ಇದ್ದರು. ಕೊನೆಗೆ, "ನಿಮ್ಮಪ್ಪ ಭಾಳ ಮೆತ್ತಗಿನ ಮನಿಷ್ಯಾ. ಮಾತ ಇಲ್ಲ," ಎಂದು ಬೀಗದ ಕೈ ಕೊಟ್ಟರು.

ಆಟೋ ತಿರುವು ದಾಟಿದ ಮೇಲೆ ಅಪ್ಪ ಕೆಮ್ಮಿದ. ಹೊನ್ನೂರುಸ್ವಾಮಿ ಗಾಡಿ ನಿಲ್ಲಿಸಿ ನೀರು ತಂದ. ಟವೆಲ್ಲಿನ ಮೇಲೆ ಕೆಂಪು ಕಲೆ. ತುಂಬ ಹೊತ್ತಿನ ಮೇಲೆ ಅಪ್ಪ ತಲೆ ಎತ್ತಿ, "ಪಾಸಾದ್ನೇನವ್ವ?" ಎಂದ.

ಪಾಸಾದಿ ಅಪ್ಪಾ, ಎಂದೆ. ನಾವಿಬ್ಬರೂ ನಕ್ಕೆವು.

ಡಿಸೆಂಬರ್ 8, ಭಾನುವಾರ

ಸಾಮಾನು ಸಾಗಿಸಿದೆವು. ರಾಮಾಂಜಿನಿ ಮಾಮ ಜೊತೆಗೆ ಬಂದು ಮಂಚ ಜೋಡಿಸಿ, ಒಲೆ ಇಟ್ಟು ಹೋದ. ತಾಯಕ್ಕ ಒಣಮೀನು ಕಟ್ಟಿ ಕೊಟ್ಟಿದ್ದಳು. ಅದನ್ನು ಮಾಮನ ಕೈಯಲ್ಲೇ ವಾಪಸ್ ಕಳಿಸಿದೆ.

ಅಪ್ಪನ ಮಂಚ ಕಿಟಕಿಯ ಹತ್ತಿರ. ರಸ್ತೆ ಕಾಣುತ್ತದೆ, ಗಾಳಿ ಬರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯಿಂದ ಬಂದು ನೋಡಿ ಹೋಗಬಹುದು. "ಲಾರಿ ಸಪ್ಪಳಾನ ಇಲ್ಲಲ್ಲ, ನಿದ್ದಿ ಹೆಂಗ ಬರ್ತೈತಿ?" ಅಂದ. ಆದರೆ ಇವತ್ತು ಒರಗಿಕೊಂಡು ಎರಡು ಗಂಟೆ ಮಲಗಿದ. ಎಷ್ಟು ದಿನವಾಗಿತ್ತೋ.

ಡಿಸೆಂಬರ್ 19, ಗುರುವಾರ

ಮೊಟ್ಟೆ ಕೊಡಿ, ಶಕ್ತಿ ಬರಬೇಕು ಎಂದಿದ್ದಾರೆ ಡಾಕ್ಟರು. ಬೆಳಗ್ಗೆ ಐದಕ್ಕೆ, ಮೇಲೆ ಎಚ್ಚರವಾಗುವ ಮೊದಲು ಬೇಯಿಸುತ್ತೇನೆ. ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲಿ ಹಾಕಿಕೊಂಡು ಶಾಲೆಯ ಕಸದ ಡಬ್ಬಿಗೆ ಹಾಕುತ್ತೇನೆ. ಇವತ್ತು ಒಂದು ಹುಡುಗಿಯ ನೋಟ್‌ಬುಕ್ಕಿಗೆ ಸಿಪ್ಪೆಯ ಚೂರು ಅಂಟಿಕೊಂಡು ಹೋಗಿ ಕ್ಲಾಸೆಲ್ಲ ನಕ್ಕಿತು.

ಇನ್ನು ಮೊಟ್ಟೆ ಬೇಡ. ಹಾಲು ಕೊಟ್ಟರಾಯಿತು.

ಡಿಸೆಂಬರ್ 27, ಶುಕ್ರವಾರ

ಅಪ್ಪನಿಗೆ ಕೆಲವು ವಿಷಯ ಹೇಳಬೇಕಾಯಿತು. ಗೇಟಿನ ಹತ್ತಿರ ನಿಲ್ಲಬಾರದು. ಉಗುಳುವುದು ಮುಚ್ಚಳದ ಡಬ್ಬಿಯಲ್ಲಿ ಮಾತ್ರ. ಬೆಳಗಿನ ಹೊತ್ತು ಮುದುಕಮ್ಮನವರು ಪೂಜೆ ಮಾಡುವಾಗ ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಡಬೇಕು.

"ಬಚ್ಚಲಾ ದೂರ ಐತಲ್ಲವ್ವ," ಅಂದ.

ಹನ್ನೆರಡು ಹೆಜ್ಜೆ. ಎಣಿಸಿ ತೋರಿಸಿದೆ.

ಜನವರಿ 5, ಭಾನುವಾರ

ಎಷ್ಟು ಎಚ್ಚರಿಕೆ ವಹಿಸಿದರೂ ಆಗುವುದು ಆಯಿತು. ಬೆಳಗ್ಗೆ ಅಪ್ಪ ಬಚ್ಚಲವರೆಗೆ ಹೋಗಲಾರದೆ ಅಂಗಳದಲ್ಲೇ ಕುಸಿದು ಕುಳಿತು ಕೆಮ್ಮಿದ. ಮುದುಕಮ್ಮನವರು ಇಳಿದು ಬಂದರು. ನೆಲದ ಮೇಲಿನ ರಕ್ತ ನೋಡಿದರು.

"ಇದು ದಮ್ಮು ಅಲ್ಲವ್ವ. ನಾನೂ ಗಂಡನ್ನ ನೋಡ್ಕೊಂಡಾಕಿ, ನನಗ ಗೊತ್ತಾಗಂಗಿಲ್ಲೇನು?"

ಕೈ ಮುಗಿದು ಎಲ್ಲ ಹೇಳಿದೆ. ಅವರು ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಕೂಗಾಡಲಿಲ್ಲ, ಅದೇ ದೊಡ್ಡದು.

"ನಮ್ಮ ಯಜಮಾನ್ರು ಮ್ಯಾಲ ಮನ್ಯಾಗ ಹ್ವಾದ್ರು. ಹದಿಮೂರ ದಿನಕ್ಕ ಕೆಳಗಿದ್ದಾವ್ರು ಖಾಲಿ ಮಾಡಿದ್ರು. ಎಂಟ ತಿಂಗಳ ಯಾರೂ ಈ ಮನಿಗೆ ಕಾಲಿಡಲಿಲ್ಲ. ಹೆಣ ಬಿದ್ದ ಮನಿ ಅಂದ್ರು. ಮಗನ ಮುಂದ ಕೈ ಚಾಚಿದೆ ಎಂಟ ತಿಂಗಳ. ಸೊಸಿ ಅಂದ ಮಾತು ಇನ್ನಾ ಕಿವ್ಯಾಗ ಅದಾವ." ನನ್ನ ಕಡೆ ತಿರುಗಿ, "ನಾ ನಿನ್ನ ಹೊರಗ ಹಾಕಂಗಿಲ್ಲ. ಆದ್ರ ಈ ಮನ್ಯಾಗ ಏನೂ ಆಗಬಾರ್ದು. ಆಗೂ ಹಂಗ ಕಂಡ್ರ ಮೊದಲ ದವಾಖಾನಿಗೆ ಒಯ್ಯಬೇಕು. ಜೀವ ಹೊರಗ ಹೋಗಬೇಕು. ಆಣಿ ಮಾಡು," ಅಂದರು.

ಆಣೆ ಮಾಡಿದೆ. ಅವರು ಹೋದ ಮೇಲೆ ತಿರುಗಿ ನೋಡಿದರೆ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಕೇಳಿಸಿರಲಿಕ್ಕಿಲ್ಲ. ಸದ್ಯ, ಮನೆ ಉಳಿಯಿತು.

ಜನವರಿ 21, ಮಂಗಳವಾರ

ಮೇಲೆ ಕೇಳಿಸುವಷ್ಟು ಜೋರಾಗಿ ಅಪ್ಪ ಕೆಮ್ಮಿದ್ದು ಇವತ್ತು ಮೂರು ಸಲ. ನಿನ್ನೆ ಐದು. ಪರವಾಗಿಲ್ಲ.

ಫೆಬ್ರವರಿ 4, ಮಂಗಳವಾರ

ಆಕ್ಸಿಜನ್ ಮಷೀನು ಬಂತು, ಬಾಡಿಗೆಗೆ. ಮೂಗಿಗೆ ಎರಡು ಸಣ್ಣ ನಳಿಕೆ. ಗುಂಯ್ ಎನ್ನುವ ಸದ್ದು ದಿನವಿಡೀ. ಅದರಿಂದ ಒಂದು ಅನುಕೂಲವೆಂದರೆ ಕೆಮ್ಮು ಅಷ್ಟಾಗಿ ಮೇಲೆ ಕೇಳಿಸುವುದಿಲ್ಲ.

ಅಪ್ಪ ಈಗ ಹೆಚ್ಚು ಮಾತಾಡುವುದಿಲ್ಲ. ಅದೂ ಒಳ್ಳೆಯದೇ, ಉಸಿರು ಉಳಿಯುತ್ತದೆ.

ಫೆಬ್ರವರಿ 16, ಭಾನುವಾರ

ರಾಮಾಂಜಿನಿ ಮಾಮ ಮತ್ತು ತಾಯಕ್ಕ ನೋಡಲು ಬಂದಿದ್ದರು. ತಾಯಕ್ಕ ಬಾಗಿಲಲ್ಲೇ ಅಪ್ಪನನ್ನು ನೋಡಿ ಜೋರಾಗಿ "ಪಾಲಣ್ಣಾ, ಹೆಂಗದೀಯಪಾ?" ಎಂದಳು. ನಿಧಾನ ತಾಯಕ್ಕ, ಎಂದೆ. ಆಮೇಲೆ ಇಡೀ ಹೊತ್ತು ಅವಳು ಪಿಸುಮಾತಿನಲ್ಲೇ ಮಾತಾಡಿದಳು, ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ.

ಅವರು ಹೋದ ಮೇಲೆ ಅಪ್ಪ, ನಳಿಕೆ ಸರಿಸಿ, "ನನ್ನ ಯಶವಂತನಗರಕ್ಕ ಬಿಟ್ಟು ಬಾ," ಅಂದ.

"ಅಲ್ಲಿ ಧೂಳು ಅಪ್ಪಾ. ಅದಕ್ಕಂತನ ಇಲ್ಲಿಗೆ ಬಂದಿದ್ದು."

"ಧೂಳು ಈಗೇನು ಮಾಡ್ತೈತಿ. ಇಲ್ಲಿ ನಿನಗ ತ್ರಾಸಾಗಬಾರ್ದು. ರಾಮಾಂಜಿನಿ ತನ್ನ ಮನ್ಯಾಗ ಇಟ್ಕೊಂತೀನಿ ಅಂದಾನ."

ಪೂರ್ವಸಿದ್ಧತಾ ಪರೀಕ್ಷೆ ಮುಗಿಯಲಿ, ಮಾರ್ಚ್ ಎರಡಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ.

ಮಾರ್ಚ್ 2, ಭಾನುವಾರ

ಆಗಲಿಲ್ಲ. ನಾಳೆ ಒಂಬತ್ತನೇ ತರಗತಿಯ ಪ್ರಶ್ನೆಪತ್ರಿಕೆ ಕೊಡಬೇಕು. ಮುಂದಿನ ಭಾನುವಾರ ಖಂಡಿತ ಎಂದಿದ್ದೇನೆ. ಅಪ್ಪ ಆಯಿತು ಎಂದ.

ಮಾರ್ಚ್ 9, ಭಾನುವಾರ

ಅಪ್ಪ ಹೋದ. ಉಸಿರಾಟ ಹೆಚ್ಚುಕಡಿಮೆಯಾಗಿ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲಿ ಜೀವ ಹೋಯಿತು. ಮಧ್ಯಾಹ್ನ ಎರಡೂವರೆ. ಅಲ್ಲಿಂದಲೇ ಯಶವಂತನಗರಕ್ಕೆ.

ಮಾರ್ಚ್ 12, ಬುಧವಾರ

ರಾಮಾಂಜಿನಿ ಮಾಮನ ಮನೆಯಲ್ಲಿದ್ದೇನೆ. ನಮ್ಮ ಹಳೆಯ ಮನೆಗೆ ಬೇರೆಯವರು ಬಂದಿದ್ದಾರೆ.

ಅವತ್ತು ಆಸ್ಪತ್ರೆಯಿಂದ ಅಪ್ಪನನ್ನು ತರುತ್ತಿದ್ದ ಆಂಬುಲೆನ್ಸ್ ಸಂಡೂರು ದಾಟುವಾಗ ನನ್ನ ತಲೆಯಲ್ಲಿ ಒಂದೇ ಯೋಚನೆ ಇತ್ತು, ಎಲ್ಲಿ ಇಳಿಸುವುದು. ಊರ ಹೊರಗಿನ ಬೇವಿನ ಮರದ ಕೆಳಗೋ, ಸ್ಮಶಾನಕ್ಕೇ ನೇರವಾಗಿಯೋ. ಆದರೆ ತಾಯಕ್ಕ ಮನೆ ಮುಂದೆ ನೀರು ಹಾಕಿ, ಪಡಸಾಲೆಯಲ್ಲಿ ಚಾಪೆ ಹಾಸಿ ಬಾಗಿಲು ತೆರೆದು ನಿಂತಿದ್ದಳು. ಒಳಗೆ ಅವಳ ಸೊಸೆ ರಮಾ, ಆರು ತಿಂಗಳ ಬಸುರಿ.

ನಾನು ಆಂಬುಲೆನ್ಸಿನಿಂದ ಇಳಿದವಳೇ ಕೇಳಿದ್ದು ಇದು: "ತಾಯಕ್ಕ, ನಿಮ್ಮ ಮನ್ಯಾಗ ಇಟ್ರ ನಿಮಗೇನೂ ತೊಂದ್ರಿ ಇಲ್ಲೇನು?"

ತಾಯಕ್ಕ ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಏನ್ ಕೇಳಾಕತ್ತೀಯವ್ವ ನೀನು? ಪಾಲಣ್ಣನ್ನ ಇಡಾಕ ನನ್ನ ಕೇಳ್ತಿಯಾ?"

ರಾತ್ರಿಯಿಡೀ ಅಪ್ಪ ಅವರ ಪಡಸಾಲೆಯಲ್ಲಿದ್ದ. ಕ್ರಷರಿನವರು ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿ ಕುಳಿತರು. ಅವರಲ್ಲಿ ಐದಾರು ಜನ ಕೆಮ್ಮುತ್ತಿದ್ದರು, ಬಾಯಿಗೆ ಏನೂ ಅಡ್ಡ ಹಿಡಿಯದೆ, ಜೋರಾಗಿ. ಹೆಂಗಸರು ಹಾಡಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ಇಷ್ಟು ಸದ್ದಾಗುತ್ತಿದೆಯಲ್ಲ ಎಂದು ಮೈಯೆಲ್ಲ ಬಿಗಿ ಹಿಡಿದು ಕುಳಿತಿದ್ದೆ.

ಸೋಮವಾರ ಬೆಳಗ್ಗೆ ಮಣ್ಣು ಮಾಡಿದೆವು.

ಮಾರ್ಚ್ 15, ಶನಿವಾರ

ಹೊಸಪೇಟೆಗೆ ಬಂದೆ. ಒಂಬತ್ತನೇ ತಾರೀಕಿನದ್ದನ್ನು ಓದಿದೆ. ನನಗಾಗಿ ಮಾತ್ರ ಬರೆಯುವ ಈ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಆದದ್ದು ಹೀಗೆ.

ಅವತ್ತು ಅಪ್ಪ ಬೆಳಗ್ಗೆಯೇ ಸ್ನಾನ ಬೇಕೆಂದು ಹಟ ಮಾಡಿ ಮಾಡಿಸಿಕೊಂಡ. ಬಿಳಿ ಶರ್ಟು ತಾನೇ ಹಾಕಿಕೊಂಡ; ಗುಂಡಿ ಹಾಕಲು ಕಾಲು ಗಂಟೆ ಹಿಡಿಯಿತು. ಔಷಧಿ, ಒಂದು ಲುಂಗಿ, ಟವೆಲ್ಲು ಚೀಲಕ್ಕೆ ತುಂಬಿಕೊಂಡು ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತ. ಭಾನುವಾರ ಎಂದು ಅವನು ಮರೆತಿರಲಿಲ್ಲ. ನನ್ನ ಮುಂದೆ ಅರವತ್ತು ಉತ್ತರಪತ್ರಿಕೆ ಇದ್ದವು. ಊಟ ಆಗಲಿ, ನೋಡೋಣ ಎಂದೆ. ಊಟ ಆಯಿತು. ಇನ್ನು ಹತ್ತು ಪೇಪರು ಎಂದೆ.

ಬೆನ್ನು ತಿರುಗಿಸಿ ಕುಳಿತು ತಿದ್ದುತ್ತಿದ್ದೆ. ಮಷೀನು ಗುಂಯ್ ಎನ್ನುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ, ಬಹಳ ಹೊತ್ತಿನಿಂದ ಕೆಮ್ಮೇ ಇಲ್ಲವಲ್ಲ ಎಂದು ಹೊಳೆಯಿತು. ಸಮಾಧಾನವಾಯಿತು. ಹೌದು, ಮೊದಲು ಆದದ್ದು ಸಮಾಧಾನ. ಮತ್ತೆರಡು ಪೇಪರು ತಿದ್ದಿದೆ. ಆಮೇಲೆ ತಿರುಗಿ ನೋಡಿದೆ.

ಗೋಡೆಗೆ ಒರಗಿ ಕುಳಿತ ಹಾಗೆಯೇ ಇದ್ದ. ಕಣ್ಣು ಅರ್ಧ ತೆರೆದಿತ್ತು. ಮೂಗಿನ ಹತ್ತಿರ ಬೆರಳಿಟ್ಟೆ. ಮಷೀನಿನ ಗಾಳಿ ಮಾತ್ರ ತಾಗಿತು.

ಕೂಗಲಿಲ್ಲ. ಮಷೀನು ಆರಿಸಿದರೆ ಮೇಲೆ ಗೊತ್ತಾಗುತ್ತದೆ ಎಂದು ಆರಿಸಲಿಲ್ಲ. ಕಣ್ಣು ಮುಚ್ಚಿಸಿದೆ, ಬಾಯಿ ಒರೆಸಿದೆ, ಹೊನ್ನೂರುಸ್ವಾಮಿಗೆ ಫೋನ್ ಮಾಡಿದೆ. ಅವನು ಬಂದು ಅಪ್ಪನ ತೋಳಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದ. ನಾನು ಚಪ್ಪಲಿ ಹುಡುಕುತ್ತಿದ್ದೆ. ಅಪ್ಪನ ಕಾಲಿಗೆ ಚಪ್ಪಲಿ ಹಾಕಬೇಕಿತ್ತು, ನಡೆದು ಹೋಗುವವರು ಬರಿಗಾಲಲ್ಲಿ ಹೋಗುವುದಿಲ್ಲ.

"ಟೀಚರ," ಅಂದ ಹೊನ್ನೂರುಸ್ವಾಮಿ.

"ಜಲ್ದಿ ದವಾಖಾನಿಗೆ ಹೋಗಬೇಕು," ಎಂದೆ.

ಇಬ್ಬರೂ ಒಂದೊಂದು ಹೆಗಲು ಕೊಟ್ಟು ಎತ್ತಿದೆವು. ಅಂಗಳಕ್ಕೆ ಬಂದಾಗ ಮೇಲಿನ ಮೆಟ್ಟಿಲ ತುದಿಯಲ್ಲಿ ಮುದುಕಮ್ಮನವರು ನಿಂತಿದ್ದರು. ಆಗ ಹೊನ್ನೂರುಸ್ವಾಮಿ, ನನಗಿಂತ ಮೊದಲು, ಜೋರಾಗಿ ಹೇಳಿದ: "ಬರ್ರಿ ಯಜಮಾನ್ರ, ನಿಧಾನ, ಹೆಜ್ಜಿ ಇಡ್ರಿ." ನಾನೂ ಹೇಳಿದೆ: "ಬಾ ಅಪ್ಪಾ, ಇಲ್ಲೇ ಆಟೋ. ಕುಂದ್ರುವಂತಿ."

ಆಟೋದಲ್ಲಿ ನನ್ನ ಹೆಗಲಿಗೆ ಒರಗಿಸಿಕೊಂಡು ಕುಳಿತೆ. ತಲೆ ಜಾರಿದಾಗಲೆಲ್ಲ ಎತ್ತಿ ಇಟ್ಟುಕೊಂಡೆ. ಆಸ್ಪತ್ರೆಯಲ್ಲಿ ಡಾಕ್ಟರು, ದಾರಿಯಲ್ಲಿ ಹೋಗಿರಬೇಕು ಎಂದರು. ಹೌದು ಎಂದೆ. ಹೊನ್ನೂರುಸ್ವಾಮಿ ಹೊರಗೆ ಗಾಡಿಯ ಹಿಂದೆ ಮುಖ ಮರೆಸಿಕೊಂಡು ಅಳುತ್ತಿದ್ದ.

ಅಪ್ಪ ಯಾವ ಗಳಿಗೆಯಲ್ಲಿ ಹೋದನೋ ನನಗೆ ಗೊತ್ತಿಲ್ಲ. ಎಷ್ಟನೆಯ ಪೇಪರು ತಿದ್ದುವಾಗಲೋ.

ಮಾರ್ಚ್ 22, ಶನಿವಾರ

ಶಾಲೆಯಿಂದ ಬಂದು ದೀಪ ಹಾಕುವಷ್ಟರಲ್ಲಿ ಮುದುಕಮ್ಮನವರು ಇಳಿದು ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಬಿಸಿ ಅನ್ನ ಸಾರು. ಇಷ್ಟು ದಿನದಲ್ಲಿ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು, ಅಪ್ಪನ ಮಂಚದ ಮೇಲೆ ಕುಳಿತರು.

"ಉಣ್ಣು. ಹಿಂಗ ಒಣಗಿದ್ರ ಹೆಂಗ," ಅಂದರು. ಮನೆಯಲ್ಲಿ ಎಷ್ಟು ದಿನ ಬೇಕಾದರೂ ಇರು, ಒಬ್ಬ ಹೆಣ್ಣುಮಗಳು ಕೆಳಗಿದ್ದರೆ ನನಗೂ ಧೈರ್ಯ ಎಂದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಪುಣ್ಯವಂತ ನಿಮ್ಮಪ್ಪ. ಯಾರಿಗೂ ತ್ರಾಸ ಕೊಡಲಾರ್ದಂಗ ಹ್ವಾದ," ಅಂದರು.

ಅನ್ನದ ಡಬ್ಬಿ ನನ್ನ ಕೈಯಲ್ಲಿತ್ತು. ಅದನ್ನು ಕೆಳಗಿಟ್ಟೆ.

"ಇಲ್ಲೇ ಹೋದ್ರಮ್ಮ. ನೀವು ಕುಂತೀರಲ್ಲ, ಅಲ್ಲೇ. ನಾ ನಿಮಗ ಸುಳ್ಳು ಹೇಳೀನಿ."

ಅವರು ಮಂಚದಿಂದ ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. ಕೈಯನ್ನು ಹಾಸಿಗೆಯ ಮೇಲೆ ಊರಿ, ನೆಲ ನೋಡುತ್ತ ಕುಳಿತರು.

"ನನಗ ಗೊತ್ತಿತ್ತು," ಎಂದರು ಕೊನೆಗೆ. "ಮ್ಯಾಲ ನಿಂತಾಕಿಗೆ ಕಾಣಂಗಿಲ್ಲೇನು? ಕಾಲು ನೆಲಕ್ಕ ಎಳೀತಿದ್ವು."

ನಾನು ಅವರೆದುರು ನೆಲದ ಮೇಲೆ ಕುಳಿತೆ.

"ನೀನೂ ಸುಮ್ಮನಿದ್ದಿ, ನಾನೂ ಸುಮ್ಮನಿದ್ದೆ. ನಡೀತಿತ್ತು. ನೀ ಬಾಯಿ ಬಿಟ್ಟು ಹೇಳಬಾರ್ದಿತ್ತವ್ವ." ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಈಗ ನಾ ಕೇಳಿದಂಗಾತು. ಮಗಗ ಹೇಳಬೇಕು, ಶಾಂತಿ ಮಾಡಸಬೇಕು. ಅಯ್ಯಾವ್ರು ಬಂದ್ರ ಓಣಿಗೆಲ್ಲಾ ಗೊತ್ತಾಗ್ತೈತಿ. ಈ ತಿಂಗಳ ತುಂಬಿದ ಮ್ಯಾಲ ಖಾಲಿ ಮಾಡು."

ಆಯಿತು ಎಂದೆ. ಎದ್ದು ಗೋಡೆ ಹಿಡಿದು ಬಾಗಿಲವರೆಗೆ ಹೋದವರು ತಿರುಗಿ, "ಅನ್ನ ಆರ್ತೈತಿ, ಉಣ್ಣು," ಎಂದರು.

ಉಂಡೆ. ಅಪ್ಪ ಇದ್ದಾಗ ಈ ಮನೆಯಲ್ಲಿ ಒಂದು ದಿನವೂ ಹೀಗೆ ಕುಳಿತು ಉಂಡಿರಲಿಲ್ಲ. ಆಮೇಲೆ ಹೊನ್ನೂರುಸ್ವಾಮಿಗೆ ಫೋನ್ ಮಾಡಿ, ನಾಳೆ ಭಾನುವಾರ, ಮತ್ತೆ ಮನೆ ನೋಡಬೇಕು ಎಂದೆ.

"ಎಂ.ಜೆ. ನಗರದಾಗ ಒಂದು ರೂಮ್ ಐತ್ರಿ, ಮ್ಯಾಲಿಂದು. ಮೆಟ್ಲ ಹತ್ತಬೇಕು, ನಡೀತೈತೇನ್ರಿ?" ಎಂದ.

"ಮ್ಯಾಲಿಂದು ಬ್ಯಾಡಪಾ, ಅಪ್ಪಗ..." ಎಂದೆ. ಅಲ್ಲಿಗೆ ನಿಲ್ಲಿಸಿದೆ.

ಫೋನು ಕಿವಿಗೆ ಹಿಡಿದುಕೊಂಡೇ ಅತ್ತೆ. ಜೋರಾಗಿ ಅತ್ತೆ. ಮೇಲೆ ಕೇಳಿಸಿರಬೇಕು.